ರಬ್ಬಿಗಳ ಓಲೆಗಳೂ ದಾನಿಯ ಕೀರ್ತಿಯೂ

ಬೆಳಗಾವಿ ಜಿಲ್ಲೆಯ ಕಲ್ಲೋಳಿಯು ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಊರು. ಕೂಂಡಿ ಮೂರುಸಾಸಿರವನ್ನಾಳಿದ ರಟ್ಟರ ಕಾಲದಲ್ಲಿ ಇದಕ್ಕೆ ಕಲ್ಪೊಳೆಯೆಂಬ ಹೆಸರಿದ್ದಿತು. ಕ್ರಿ. ಶ. ೧೨೦೪ರ ಸುಮಾರಿನಲ್ಲಿ, ನಾಲ್ಕನೆಯ ಕಾರ್ತವೀರ್ಯನು ವೇಣುಗ್ರಾಮದಲ್ಲಿದ್ದು ರಾಜ್ಯವಾಳುತ್ತಿರುವಾಗ, ಯಾದವವಂಶದ ಮಾಂಡಲಿಕನಾದ ರಾಜನೆಂಬವನು ಇಲ್ಲಿ ಶಾಂತಿನಾಥನ ಬಸದಿಯನ್ನು ಕಟ್ಟಿಸಿದನು. ಆ ಬಸದಿಗೆ ಸಂದ ದತ್ತಿಯನ್ನು ಸಾರುವ ಕಲ್ಲೋಳಿಯ ಶಾಸನವನ್ನು ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಚ್ಚು ಹಾಕಿಸಿದರು. ಅದನ್ನು ರಚಿಸಿದವನು ಪಾರ್ಶ್ವಪಂಡಿತನೆಂದು ಕವಿಚರಿತೆಕಾರರು ಗುರುತಿಸಿರುವರು. ಇಂಥ ಶಾಸನಗಳನ್ನು ಓದಿ ಬಲ್ಲವರಿಗೆ ಒಂದು ಸಂಗತಿಯು ವಿದಿತವೇ ಇದೆ. ಕೊಟ್ಟ ಭೂಮಿಯ ಲೆಕ್ಕವು ಕೆಲವು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕೊಟ್ಟವನ ವಂಶ, ಪರಾಕ್ರಮ, ಔದಾರ್ಯಗಳ ವರ್ಣನೆಗೆ ವೃತ್ತಗಳೂ ಕಂದಗಳೂ ಸಾಲುಗಟ್ಟಿ ನಿಲ್ಲುತ್ತವೆ. ದಾನವನ್ನು ಪಡೆದವನು ದಾನಿಗೆ ಮರಳಿ ಕೊಡಬಹುದಾದುದು ಮಾತೊಂದೇ ಆದುದರಿಂದ, ಆ ಮಾತು ಎಷ್ಟು ಸಾಧ್ಯವೋ ಅಷ್ಟು ಘನವಾಗಿಯೂ ಚಿರಸ್ಥಾಯಿಯಾಗಿಯೂ ಇರಬೇಕೆಂಬುದು ಆ ಕಾಲದವರ ಅಭಿಪ್ರಾಯವಾಗಿದ್ದಿತು.

ಈ ಅಭಿಪ್ರಾಯವು ಕನ್ನಡ ನಾಡಿಗೆ ಮಾತ್ರ ಮೀಸಲಾದುದಲ್ಲ. ಸ್ವಂತ ರಾಜ್ಯವಿಲ್ಲದೆ ದೇಶದೇಶಗಳಲ್ಲಿ ಚದುರಿಹೋಗಿದ್ದ ಯೆಹೂದ್ಯರಲ್ಲಿ ಇದೇ ಭಾವವು ಕಾಗದದ ಮೇಲೆ ಮೂಡಿತು. ಶಿಲೆಯನ್ನು ನಿಲ್ಲಿಸಲು ತಮ್ಮದೆಂಬ ನೆಲವಿಲ್ಲದ ಜನರಿಗೆ ಓಲೆಯೇ ಶಾಸನವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯೆರೂಸಲೇಮು, ಹೆಬ್ರೋನು, ಸಫೇದು, ತಿಬೇರಿಯ ಮೊದಲಾದ ಊರುಗಳ ರಬ್ಬಿಗಳು, ಎಂದರೆ ಧರ್ಮಶಾಸ್ತ್ರವನ್ನು ಬಲ್ಲ ಗುರುಗಳು, ಲಂಡನ್ನಿನ ಸರ್ ಮೋಸೆಸ್ ಮಾಂಟಿಫಿಯೋರಿಗೂ ಮುಂಬಯಿಯ ಸಸೂನ್ ಮನೆತನಕ್ಕೂ ಬರೆದ ಪ್ರಶಸ್ತಿಪತ್ರಗಳು ಈ ಬಗೆಯವು. ಅವುಗಳಲ್ಲಿ ಅಲಂಕಾರವಷ್ಟೇ ಇಲ್ಲ. ಆ ಅಲಂಕಾರದ ಮರೆಯಲ್ಲಿ ಹಸಿವೂ ಇದೆ, ಸ್ವಾಭಿಮಾನವೂ ಇದೆ, ಕೆಲವೊಮ್ಮೆ ದಾನಿಯೊಡನೆ ಜಗಳವೂ ಇದೆ.

ಮೊದಲು ಆ ಪುಣ್ಯಕ್ಷೇತ್ರಗಳ ಸ್ಥಿತಿಯನ್ನು ತಿಳಿಯುವುದವಶ್ಯ. ಮುಪ್ಪಿನಲ್ಲಿ ಕಾಶೀವಾಸವನ್ನು ಬಯಸಿ, ಗಂಗೆಯ ತೀರದಲ್ಲಿಯೇ ದೇಹವಿಡಬೇಕೆಂದು ಹೋಗುವ ಹಿರಿಯರನ್ನು ಈ ನಾಡು ಬಲ್ಲದು. ಅವರಿಗೆ ಅನ್ನವಿಕ್ಕಲೆಂದು ದೂರದೇಶದ ಧನಿಕರು ಕಟ್ಟಿಸಿದ ಛತ್ರಗಳನ್ನೂ ಬಲ್ಲದು. ಮೇಲೆ ಹೇಳಿದ ನಾಲ್ಕು ಊರುಗಳಲ್ಲಿ ಯೆಹೂದ್ಯರು ವಾಸಿಸುತ್ತಿದ್ದುದು ಬಹುಮಟ್ಟಿಗೆ ಇದೇ ರೀತಿಯಲ್ಲಿ. ಪೋಲೆಂಡ್, ಲಿಥುವೇನಿಯ, ಮೊರಾಕ್ಕೊ, ಬಾಗದಾದುಗಳಿಂದ ಬಂದು ನೆಲೆಸಿದವರು ಜಪ, ಪಾಠ, ಪ್ರಾರ್ಥನೆಗಳಲ್ಲಿ ಕಾಲ ಕಳೆಯುತ್ತಿದ್ದರು. ಅವರ ಯೋಗಕ್ಷೇಮವು ಹೊರದೇಶದ ಸಹಧರ್ಮಿಗಳ ಮೇಲೆ ನಿಂತಿದ್ದಿತು. ಹಾಗೆ ಬಂದ ಹಣವನ್ನು ಹಂಚುವ ಏರ್ಪಾಡಿಗೆ ಹಲುಕ್ಕಾ ಎಂದು ಹೆಸರು. ಹಂಚಿಕೆಯೆಂದೇ ಆ ಮಾತಿನ ಅರ್ಥ. ಹಣವನ್ನು ಕೂಡಿಸಲು ಪ್ರತಿಯೊಂದು ಊರೂ ವಿದ್ವಾಂಸರಾದ ದೂತರನ್ನು ದೇಶಾಂತರಗಳಿಗೆ ಕಳುಹಿಸುತ್ತಿದ್ದಿತು. ಮಠದ ಕಾಣಿಕೆಯನ್ನು ಎತ್ತಲು ಊರೂರು ಸಂಚರಿಸುವ ಪಾರುಪತ್ಯಗಾರರಂತೆ ಇವರು ಮುದ್ರೆಯೊತ್ತಿದ ಪರಿಚಯದ ಓಲೆಯನ್ನು ಹಿಡಿದು, ಕೆಲವೊಮ್ಮೆ ನಾಲ್ಕೈದು ವರ್ಷಗಳವರೆಗೆ, ಹಡಗುಗಳಲ್ಲಿಯೂ ಒಂಟೆಗಳ ಮೇಲೆಯೂ ತಿರುಗುತ್ತಿದ್ದರು. ೧೮೩೭ರ ಜನವರಿ ೧ರಂದು ಸಫೇದಿನಲ್ಲಿ ಭೂಕಂಪವಾಗಿ ಪಟ್ಟಣವೆಲ್ಲ ನೆಲಸಮವಾದಾಗ, ಅದುವರೆಗೆ ಅರೆಹೊಟ್ಟೆಗಾದರೂ ಸಾಲುತ್ತಿದ್ದ ಈ ವ್ಯವಸ್ಥೆಯು ಕುಸಿಯಿತು. ಅಂಥ ಸಮಯದಲ್ಲಿಯೇ ಮಾಂಟಿಫಿಯೋರಿಯ ಹೆಸರು ಆ ನಾಡಿನಲ್ಲಿ ಮನೆಮಾತಾಗತೊಡಗಿತು.

ಮೋಸೆಸ್ ಮಾಂಟಿಫಿಯೋರಿಯು ೧೭೮೪ರ ಅಕ್ಟೋಬರ ೨೪ರಂದು ಇಟಲಿಯ ಲಿವೋರ್ನೊ ನಗರದಲ್ಲಿ ಜನಿಸಿದನು. ಲಂಡನ್ನಿನ ಶೇರುಪೇಟೆಯಲ್ಲಿ ದಲಾಲಿ ಮಾಡಿ ಹಣ ಗಳಿಸಿದನು. ಆತನ ಪತ್ನಿ ಜೂಡಿತಳೂ ಸಾಹುಕಾರ ನಾಥನ್ ರಾಥ್‌ಚೈಲ್ಡನ ಹೆಂಡತಿಯೂ ಅಕ್ಕತಂಗಿಯರಾದುದರಿಂದ ವ್ಯಾಪಾರಕ್ಕೆ ಆ ಸಂಬಂಧವೂ ಒದಗಿತು. ನಾಲ್ವತ್ತರ ವಯಸ್ಸಿನ ಸುಮಾರಿಗೆ ಆತನು ವ್ಯಾಪಾರದಿಂದ ಬಹುಮಟ್ಟಿಗೆ ಕೈತೆಗೆದು, ಉಳಿದ ಅರುವತ್ತು ವರ್ಷಗಳನ್ನು ತನ್ನವರ ಕಷ್ಟಪರಿಹಾರಕ್ಕೆ ಮುಡಿಪಾಗಿಟ್ಟನು. ೧೮೩೭ರಲ್ಲಿ ಲಂಡನ್ನಿನ ಶೆರಿಫನಾಗಿ ವಿಕ್ಟೋರಿಯಾ ರಾಣಿಯಿಂದ ಸರ್ ಪದವಿಯನ್ನು ಪಡೆದನು. ೧೮೨೭ ರಿಂದ ೧೮೭೫ರ ವರೆಗೆ ಏಳು ಸಲ ಪುಣ್ಯಭೂಮಿಯ ಯಾತ್ರೆ ಮಾಡಿದನು. ಏಳನೆಯ ಸಲ ಹೋದಾಗ ವಯಸ್ಸು ತೊಂಬತ್ತು.

ಇಂಥವನಿಗೆ ಬರೆದ ಓಲೆಯು ಹೇಗಿರುತ್ತಿದ್ದಿತೆಂಬುದನ್ನು ತುಸು ವಿಸ್ತಾರವಾಗಿ ನೋಡತಕ್ಕುದು. ನೆತ್ತಿಯಲ್ಲಿ ದೇವರ ನೆರವನ್ನು ಕೋರುವ ಎರಡು ಮೂರು ಅಕ್ಷರಗಳು. ಅದರ ಕೆಳಗೆ ತಿಥಿ. ಆದರೆ ತಿಂಗಳ ಇಂತಿಷ್ಟನೆಯ ದಿನವೆಂದು ಬರೆದರೆ ಸಾಲದು. ಆ ವಾರ ಸಭಾಮಂದಿರದಲ್ಲಿ ತೋರಾ ಗ್ರಂಥದ ಯಾವ ಭಾಗವನ್ನು ಪಠಿಸುವರೋ ಅದರ ಹೆಸರನ್ನು ಹೇಳಿ ವಾರವನ್ನು ಸೂಚಿಸುವುದು ವಿದ್ವಾಂಸರ ರೂಢಿ. ಇಬ್ರಿಯ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳಾಗಿಯೂ ನಡೆಯುತ್ತವೆ. ಆದುದರಿಂದ ಸೃಷ್ಟಿಶಕದ ವರ್ಷವನ್ನು ಹೇಳುವಾಗ, ಅಕ್ಷರಗಳನ್ನು ಕೂಡಿಸಿದರೆ ಆ ಸಂಖ್ಯೆಯೇ ಬರುವಂಥ ಒಂದು ಶುಭವಾಕ್ಯವನ್ನು ಧರ್ಮಗ್ರಂಥದಿಂದ ಹುಡುಕಿ ತೆಗೆದು, ಲೆಕ್ಕಕ್ಕೆ ಬರುವ ಅಕ್ಷರಗಳ ಮೇಲೆ ಚುಕ್ಕೆಯಿಟ್ಟು ತೋರಿಸುತ್ತಿದ್ದರು. ಇಂದು, ನಯನ, ಗಿರಿ, ವಾರಿಧಿಗಳಿಂದ ಶಕವರ್ಷವನ್ನು ಹೇಳುವ ಕನ್ನಡ ಕವಿಗಳ ಭೂತಸಂಖ್ಯೆಯ ಚಾತುರ್ಯವನ್ನು ಮೆಚ್ಚುವವರು ಇದನ್ನು ಕಂಡೂ ತಲೆದೂಗುವರು.

ಅನಂತರ ಬರುವುದು ಬಿರುದಾವಳಿ. ಪ್ರಭುವೆಂದೂ, ಕುಲದ ಕಿರೀಟವೆಂದೂ, ಬಡವರ ತಂದೆಯೆಂದೂ ಸಂಬೋಧನೆಗಳು ಒಂದರ ಹಿಂದೊಂದು ಹರಿದುಬಂದು, ಮೊದಲನೆಯ ಕ್ರಿಯಾಪದವು ಕಾಣಿಸಿಕೊಳ್ಳಲು ಅರ್ಧ ಪುಟ ಹಿಡಿಯುವುದುಂಟು. ಹೆಸರಿನ ಮುಂದೆ ಆತನ ಬೆಳಕು ಬೆಳಗುತ್ತಿರಲೆಂಬ ಹರಕೆಯ ಸಂಕ್ಷಿಪ್ತಾಕ್ಷರಗಳು ಬರುವವು. ಬರೆದವರು ಮಾತ್ರ ತಮ್ಮನ್ನು ಅಲ್ಪನು, ಕಿರಿಯನು ಎಂದು ಕರೆದುಕೊಂಡು ಸಹಿ ಮಾಡುವರು. ಕಿಂಕರ, ದಾಸಾನುದಾಸ ಎಂದು ಮುಗಿಸುವ ಭಕ್ತರ ವಿನಯಕ್ಕೂ ಇದಕ್ಕೂ ದೂರವಿಲ್ಲ. ಸ್ಪೇನಿನಿಂದ ಬಂದ ಪಂಗಡದ ರಬ್ಬಿಗಳ ಸಹಿಗಳು ಬಳ್ಳಿಯ ಸುರುಳಿಗಳಂತಿದ್ದು, ಬದಿಯಲ್ಲಿ ಮಸಿಯ ಮುದ್ರೆಯೂ ಇರುತ್ತಿದ್ದಿತು.

ಇವೆಲ್ಲಕ್ಕಿಂತ ಮುಖ್ಯವಾದುದು ವಾಕ್ಯಗಳ ಹೆಣಿಗೆ. ಓಲೆಯ ಮಾತುಗಳಲ್ಲಿ ಬಹುಭಾಗವು ಬರೆದವನ ಸ್ವಂತ ಮಾತಲ್ಲ; ಪ್ರವಾದಿಗಳಿಂದಲೂ ಕೀರ್ತನೆಗಳಿಂದಲೂ ಜ್ಞಾನೋಕ್ತಿಗಳಿಂದಲೂ ತುಣುಕುಗಳನ್ನು ಎತ್ತಿ, ಹೊಲಿಗೆ ಕಾಣದಂತೆ ಕೂಡಿಸಿದ ಕೌದಿ. ಓದುವವನಿಗೆ ಮೂಲದ ಸಂದರ್ಭವು ನೆನಪಿರುವುದೆಂಬ ಭರವಸೆಯ ಮೇಲೆಯೇ ಈ ಕಲೆಯು ನಿಂತಿದೆ. ಬರಗಾಲದಲ್ಲಿ ಅಣ್ಣಂದಿರಿಗೆ ಧಾನ್ಯವನ್ನಳೆದ ಯೋಸೇಫನ ಕತೆಯ ಎರಡು ಶಬ್ದಗಳನ್ನು ಇಟ್ಟರೆ ಸಾಕು, ತಮ್ಮಲ್ಲಿ ಹಿಟ್ಟಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಾಂಟಿಫಿಯೋರಿಯ ಹೆಸರೇ ಮೋಶೆ ಎಂದಿದ್ದುದು ಈ ಲೇಖಕರಿಗೆ ದೈವವೇ ಒದಗಿಸಿದ ಅನುಕೂಲ. ಐಗುಪ್ತದ ದಾಸ್ಯದಿಂದ ಜನರನ್ನು ಬಿಡಿಸಿದ ಮೋಶೆ, ಹನ್ನೆರಡನೆಯ ಶತಮಾನದ ಮಹಾಪಂಡಿತ ಮೋಶೆ ಬೆನ್ ಮೈಮೋನ್, ಈಗ ಇಂಗ್ಲೆಂಡಿನ ಮೋಶೆ ಎಂದು ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಹೊಗಳುವವರಿಗೆ ಸುಲಭವಾಯಿತು. ಜೂಡಿತಳ ಹೆಸರೂ ಪುರಾತನ ವೀರವನಿತೆಯದು, ಅದೂ ವ್ಯರ್ಥವಾಗಲಿಲ್ಲ. ಇಂಥ ಹೊಗಳಿಕೆಯನ್ನು ಭಟ್ಟಂಗಿತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ದಾನಿಯನ್ನು ಮೋಶೆಗೆ ಹೋಲಿಸಿದ ರಬ್ಬಿಯು, ಮೋಶೆಯಂತೆ ನಡೆಯುವ ಭಾರವನ್ನೂ ಅವನ ಹೆಗಲಿಗೆ ಹೊರಿಸಿದನೆಂಬುದನ್ನು ಮರೆಯಲಾಗದು. ರಾಜನನ್ನು ಕರ್ಣನೆಂದು ಕರೆದ ಕವಿಯ ಉದ್ದೇಶವೂ ಬರಿಯ ಸ್ತುತಿಯಾಗಿರಲಿಲ್ಲವಷ್ಟೆ.

೧೮೩೯ರ ಯಾತ್ರೆಯಲ್ಲಿ ಮಾಂಟಿಫಿಯೋರಿ ದಂಪತಿಗಳು ಸಫೇದಿಗೆ ಬಂದಾಗ ಭೂಕಂಪದ ಗಾಯಗಳು ಇನ್ನೂ ಹಸಿಯಾಗಿದ್ದವು. ಯೆರೂಸಲೇಮಿನಲ್ಲಿ ಪ್ಲೇಗು ಹಬ್ಬಿದ್ದುದರಿಂದ ಅವರು ಊರ ಹೊರಗೆ ಎಣ್ಣೆಮರಗಳ ಗುಡ್ಡದ ಮೇಲೆ ಡೇರೆ ಹಾಕಿಕೊಂಡು ಇಳಿದುಕೊಳ್ಳಬೇಕಾಯಿತು. ಆ ವರ್ಷ ಆತನ ಕೈಸೇರಿದ ಪತ್ರಗಳಲ್ಲಿ ಹೊಸ ಧ್ವನಿಯೊಂದು ಕೇಳಿಬರುತ್ತದೆ. ಶ್ಕ್ಲೋವದ ಇಸ್ರಾಯೇಲ್, ಓವ್ರುಚದ ಅವ್ರಹಾಮ್ ದೋವ್ ಮುಂತಾದ ಹಿರಿಯ ರಬ್ಬಿಗಳು ಭಿಕ್ಷೆಗಿಂತ ಬೇಸಾಯವೇ ಮೇಲೆಂಬ ವಿಚಾರಕ್ಕೆ ಸಮ್ಮತಿಯಿತ್ತರು. ನೆಲವೂ ಎತ್ತುಗಳೂ ದೊರೆತರೆ ದುಡಿದು ಉಣ್ಣಲು ತಮ್ಮವರು ಸಿದ್ಧರಿರುವರೆಂಬ ಮಾತು, ಜಪತಪಗಳಿಗೆಂದೇ ಬಂದು ನೆಲೆಸಿದವರ ಬಾಯಿಂದ ಬಂದುದು ಸಾಮಾನ್ಯವಲ್ಲ. ಮಾಂಟಿಫಿಯೋರಿಯು ಆಗ ಆ ಸೀಮೆಯನ್ನು ಆಳುತ್ತಿದ್ದ ಐಗುಪ್ತದ ಮಹಮ್ಮದ ಅಲಿಯೊಡನೆ, ಗಲಿಲಾಯದಲ್ಲಿ ಹಲವು ಹಳ್ಳಿಗಳನ್ನು ಐವತ್ತು ವರ್ಷಗಳ ಗೇಣಿಗೆ ಹಿಡಿಯುವ ಮಾತುಕತೆ ನಡೆಸಿದನು. ಆದರೆ ಮರುವರ್ಷವೇ ಆ ಪ್ರಾಂತವು ಮಹಮ್ಮದ ಅಲಿಯ ಕೈಬಿಟ್ಟು ತುರ್ಕರ ಸುಲ್ತಾನನಿಗೆ ಮರಳಿದುದರಿಂದ ಆ ಯೋಜನೆಯು ಕಾಗದದಲ್ಲಿಯೇ ಉಳಿಯಿತು.

೧೮೪೦ರಲ್ಲಿ ದಮಸ್ಕದ ಪ್ರಕರಣವು ನಡೆಯಿತು. ಕ್ರೈಸ್ತ ಸನ್ಯಾಸಿಯೊಬ್ಬನೂ ಆತನ ಆಳೂ ಕಾಣೆಯಾದಾಗ, ಯೆಹೂದ್ಯರು ತಮ್ಮ ಹಬ್ಬಕ್ಕೆ ನರರಕ್ತ ಬೇಕೆಂದು ಅವರನ್ನು ಕೊಂದರೆಂಬ ಸುಳ್ಳು ದೂರು ಹುಟ್ಟಿತು. ಊರಿನ ಹಿರಿಯರನ್ನು ಹಿಡಿದು ಚಿತ್ರಹಿಂಸೆ ಮಾಡಿದರು. ಕೆಲವರು ಸೆರೆಯಲ್ಲಿಯೇ ಸತ್ತರು. ಮಾಂಟಿಫಿಯೋರಿಯು ಫ್ರಾನ್ಸಿನ ವಕೀಲ ಕ್ರೆಮಿಯೊನೊಡನೆ ಅಲೆಕ್ಸಾಂಡ್ರಿಯಕ್ಕೆ ಹೋಗಿ ಸೆರೆಯಾಳುಗಳನ್ನು ಬಿಡಿಸಿದನು. ಅಲ್ಲಿಂದ ತಾನು ಕಾನ್‌ಸ್ಟಾಂಟಿನೋಪಲಿಗೆ ಹೋಗಿ, ಆ ರಕ್ತದ ಆರೋಪವೇ ಅಸತ್ಯವೆಂದು ಸಾರುವ ಫರ್ಮಾನನ್ನು ಸುಲ್ತಾನ ಅಬ್ದುಲ್ ಮಜೀದನಿಂದ ನವೆಂಬರ ತಿಂಗಳಲ್ಲಿ ಪಡೆದನು. ಇದಾದ ಮೇಲೆ ಓಲೆಗಳಿಗೆ ಪಾರವೇ ಇಲ್ಲದಾಯಿತು. ಸೆಮ್ಲಿನ್ ಪಟ್ಟಣದ ರಬ್ಬಿ ಯೆಹೂದಾ ಅಲ್ಕಲಾಯಿ ಎಂಬವನು ೧೮೪೩ರಲ್ಲಿ ಮಾಂಟಿಫಿಯೋರಿ ಕ್ರೆಮಿಯೊ ಇಬ್ಬರ ಗೌರವಾರ್ಥವಾಗಿ ಒಂದು ಗ್ರಂಥವನ್ನೇ ಬರೆದನು. ತಮ್ಮ ಜನರು ಪೂರ್ವಜರ ನಾಡಿಗೆ ಮರಳಬೇಕೆಂಬ ವಾದವೂ ಅದರಲ್ಲಿ ಸೇರಿತು. ಪ್ರಷ್ಯದ ಥಾರ್ನ್ ಊರಿನ ರಬ್ಬಿ ಕಾಲಿಷರನು ಇದೇ ವಿಚಾರವನ್ನು ೧೮೩೬ರಲ್ಲಿಯೇ ಫ್ರಾಂಕ್‌ಫುರ್ಟಿನ ರಾಥ್‌ಚೈಲ್ಡನಿಗೆ ಬರೆದಿದ್ದನು. ಮುಂದೆ ಒಂದು ದೇಶದ ರಾಜಕಾರಣವೇ ಆದ ವಿಚಾರವೊಂದು ಮೊದಲು ದಾನಿಗಳಿಗೆ ಬರೆದ ವಿನಯದ ಓಲೆಗಳಲ್ಲಿ ತಲೆಯೆತ್ತಿದುದನ್ನು ಚರಿತ್ರಕಾರರು ಗಮನಿಸತಕ್ಕುದು.

ಸಫೇದಿನ ಭೂಕಂಪದಿಂದಲೂ ಆ ಬಳಿಕಿನ ದಂಗೆಯಿಂದಲೂ ಹಾಳಾದ ಇಸ್ರಾಯೇಲ್ ಬಾಕ್ ಎಂಬವನ ಮುದ್ರಣಾಲಯವು ಯೆರೂಸಲೇಮಿನಲ್ಲಿ ಮತ್ತೆ ಪ್ರಾರಂಭವಾಯಿತಷ್ಟೆ. ಅದಕ್ಕೆ ಮಾಂಟಿಫಿಯೋರಿಯು ಹೊಸ ಅಚ್ಚಿನ ಯಂತ್ರವನ್ನು ಕಳುಹಿಸಿದನು. ಆ ಯಂತ್ರಕ್ಕೆ ಮೋಶೆ ಮತ್ತು ಜೂಡಿತರ ಕಾಣಿಕೆಯೆಂದು ಹೆಸರಿಟ್ಟರು. ಹೀಗೆ ಕೈಬರಹದಲ್ಲಿ ನಡೆಯುತ್ತಿದ್ದ ಹೊಗಳಿಕೆಯು ದಾನಿಯೇ ಕೊಟ್ಟ ಯಂತ್ರದಲ್ಲಿ ಅಚ್ಚಾಗುವ ಕಾಲವೂ ಬಂದಿತು.

ಇಷ್ಟು ಹೊಗಳಿದವರು ದಾನಿಯ ಇಚ್ಛೆಯಂತೆಯೇ ನಡೆದರೆಂದು ತಿಳಿಯಲಾಗದು. ೧೮೫೫ರಲ್ಲಿ ಮಾಂಟಿಫಿಯೋರಿಯು ಯೆರೂಸಲೇಮಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದನು. ಅದು ಬಹಳ ದಿನ ನಡೆಯಲಿಲ್ಲ. ಮರುವರ್ಷ ವಿಯೆನ್ನದ ಫ್ರಾಂಕ್ಲನು ಹುಡುಗರ ಶಾಲೆಯನ್ನು ಸ್ಥಾಪಿಸಲು ಬಂದಾಗ ಅಲ್ಲಿಯ ಯುರೋಪ ಮೂಲದ ರಬ್ಬಿಗಳು ಅದಕ್ಕೆ ಬಹಿಷ್ಕಾರವನ್ನೇ ಹಾಕಿದರು. ಹೊಸ ವಿದ್ಯೆಯೊಡನೆ ಅಧರ್ಮವೂ ಒಳಬರುವುದೆಂಬ ಭಯವು ಅವರದು. ೧೮೫೭ರಲ್ಲಿ ಪಟ್ಟಣದ ಗೋಡೆಯ ಹೊರಗೆ ಮಾಂಟಿಫಿಯೋರಿಯು ಕಟ್ಟಿಸಿದ ಗಾಳಿಯ ಗಿರಣಿಯು ಇಂದಿಗೂ ನಿಂತಿದೆ. ಅದರ ಯಂತ್ರವು ಇಂಗ್ಲೆಂಡಿನ ಮೆತ್ತನೆಯ ಗೋದಿಗೆ ಹೊಂದುವಂಥದು. ಅಲ್ಲಿಯ ಗೋದಿಯು ಗಟ್ಟಿಯಾದುದು. ಆದುದರಿಂದ ಅದು ಹೆಚ್ಚು ಕಾಲ ಉಪಯೋಗಕ್ಕೆ ಬರಲಿಲ್ಲ. ಅಮೇರಿಕೆಯ ನ್ಯೂ ಆರ್ಲಿಯನ್ಸಿನ ಜೂಡಾ ಟೂರೊ ಎಂಬ ಧನಿಕನು ಸಾಯುವಾಗ ಬಿಟ್ಟುಹೋದ ಹಣದಿಂದ ೧೮೬೦ರಲ್ಲಿ ಗಿರಣಿಯ ಪಕ್ಕದಲ್ಲಿ ಬಡವರಿಗಾಗಿ ಮನೆಗಳ ಸಾಲು ಎದ್ದಿತು. ಕಳ್ಳಕಾಕರ ಭಯದಿಂದ ಜನರು ಮೊದಮೊದಲು ಅಲ್ಲಿ ರಾತ್ರಿ ಮಲಗಲು ಹಿಂಜರಿದರು. ಕೊಡುವವನ ಎಣಿಕೆಯೊಂದು, ಬೇಡುವವನ ಅವಶ್ಯಕತೆಯಿನ್ನೊಂದು ಆಗುವುದು ಲೋಕದಲ್ಲಿ ಹೊಸದಲ್ಲ. ಓಲೆಯ ವಿನಯವಾಕ್ಯಗಳನ್ನಷ್ಟೇ ಓದಿದವನಿಗೆ ಈ ಎಳೆದಾಟವು ತಿಳಿಯದೆ ಹೋಗುವುದು.

ಆದರೆ ಒಂದು ಸಲ ಅದು ಮುಚ್ಚುಮರೆಯಿಲ್ಲದೆ ಹೊರಬಿದ್ದಿತು. ಮಾಂಟಿಫಿಯೋರಿಯ ಗೌರವಾರ್ಥವಾಗಿ ಲಂಡನ್ನಿನಲ್ಲಿ ಒಂದು ನಿಧಿಯನ್ನು ಕೂಡಿಸಿ, ಅದನ್ನು ಹೇಗೆ ವಿನಿಯೋಗಿಸಬೇಕೆಂದು ನೋಡಿ ಬರಲು ಸಾಮ್ಯುವೆಲ್ ಮಾಂಟಾಗು, ಡಾಕ್ಟರ ಆಶರ್ ಎಂಬ ಇಬ್ಬರು ಗೃಹಸ್ಥರನ್ನು ಕಳುಹಿಸಿದರು. ೧೮೭೫ರಲ್ಲಿ ಇವರು ಸಲ್ಲಿಸಿದ ವರದಿಯಲ್ಲಿ ಯೆರೂಸಲೇಮಿನ ಯೆಹೂದ್ಯರು ಧರ್ಮದ ಕೂಳಿಗೆ ಒಗ್ಗಿಹೋದ ಸೋಮಾರಿಗಳೆಂಬ ಅರ್ಥ ಬರುವ ಕಠಿನ ಮಾತುಗಳಿದ್ದವು. ಆಗ ಅಲ್ಲಿಯ ಪ್ರಮುಖ ರಬ್ಬಿಗಳಾದ ಮೇಯಿರ್ ಔಎರ್‌ಬಾಖ್, ಶ್ಮುಯೆಲ್ ಸಾಲಾಂಟ್ ಇವರು ಸುಮ್ಮನಿರಲಿಲ್ಲ. ಅವರು ಉತ್ತರ ಬರೆದು ಆ ಆರೋಪವನ್ನು ಅಲ್ಲಗಳೆದರು. ಪ್ರಶಸ್ತಿಯನ್ನು ಬರೆಯಬಲ್ಲ ಲೇಖನಿಯು ಪ್ರತಿಭಟನೆಯನ್ನೂ ಬರೆಯಬಲ್ಲದೆಂಬುದು ಅಂದು ಗೊತ್ತಾಯಿತು. ಇದರ ಫಲವನ್ನು ಹೇಳುವುದಾದರೆ, ತೊಂಬತ್ತು ವರ್ಷದ ಮುದುಕನು ನೆಂಟರಿಷ್ಟರ ಮಾತನ್ನು ಕೇಳದೆ ತಾನೇ ಹಡಗು ಹತ್ತಿ ಯೆರೂಸಲೇಮಿಗೆ ಹೋದನು. ಕಣ್ಣಾರೆ ನೋಡಿ ಬಂದು, ಅಲ್ಲಿಯವರ ಪರವಾಗಿ ನಾಲ್ವತ್ತು ದಿನಗಳ ಆ ಪ್ರವಾಸದ ವೃತ್ತಾಂತವನ್ನು ಅಚ್ಚು ಹಾಕಿಸಿದನು. ಬಡವನಿಗೆ ಅನ್ನದಷ್ಟೇ ಮಾನವೂ ಬೇಕೆಂಬುದನ್ನು ಆ ದಾನಿಯು ಬಲ್ಲವನಾಗಿದ್ದನೆಂಬುದಕ್ಕೆ, ನೂರು ಬಿರುದಾವಳಿಗಳಿಗಿಂತ ಈ ಒಂದು ಪ್ರಯಾಣವೇ ಹೆಚ್ಚಿನ ಸಾಕ್ಷಿ.

ಇತ್ತ ಮುಂಬಯಿ ಇಲಾಖೆಯ ಕಡೆಗೆ ತಿರುಗಿದರೆ ಡೇವಿಡ್ ಸಸೂನನ ಹೆಸರು ಎದುರಾಗುತ್ತದೆ. ಪುಣೆಯ ಸಸೂನ್ ಆಸ್ಪತ್ರೆಯ ಹೆಸರನ್ನು ಬೆಳಗಾವಿ ಧಾರವಾಡಗಳ ಹಿರಿಯರು ಕೇಳದೆ ಇರಲಾರರು. ಆದರೆ ಆ ಹೆಸರಿನವನು ಯಾರೆಂದು ಬಲ್ಲವರು ವಿರಳ. ಬಾಗದಾದಿನ ಪಾಷಾಗಳ ಖಜಾಂಚಿಯಾಗಿದ್ದ ಮನೆತನದಲ್ಲಿ ೧೭೯೨ರಲ್ಲಿ ಹುಟ್ಟಿ, ದಾವೂದ ಪಾಷಾನ ಕಿರುಕುಳಕ್ಕೆ ಅಂಜಿ ಬಸ್ರಾ ಬುಶೆರ್‌ಗಳ ಮಾರ್ಗವಾಗಿ ಓಡಿ, ೧೮೩೨ರಲ್ಲಿ ಆತನು ಮುಂಬಯಿಗೆ ಬಂದು ನೆಲೆಸಿದನು. ೧೮೫೩ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಇಬ್ರಿಯ ಅಕ್ಷರಗಳಲ್ಲಿಯೇ ಸಹಿ ಹಾಕಿದನು. ವ್ಯಾಪಾರದ ಪತ್ರವ್ಯವಹಾರವೆಲ್ಲ ಇಬ್ರಿಯ ಲಿಪಿಯಲ್ಲಿ ಬರೆದ ಬಾಗದಾದಿನ ಅರಬ್ಬಿ ಭಾಷೆಯಲ್ಲಿ ನಡೆಯುತ್ತಿದ್ದಿತು. ೧೮೬೧ ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತಃಕಲಹವಾಗಿ ಅಲ್ಲಿಯ ಹತ್ತಿಯು ಲ್ಯಾಂಕಶೈರಿಗೆ ಹೋಗುವುದು ನಿಂತಾಗ, ಧಾರವಾಡ ಬೆಳಗಾವಿ ಸೀಮೆಯ ಎರೆಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು; ಅದು ಕುಮಟೆಯ ಬಂದರದಿಂದ ಮುಂಬಯಿಯ ಪೇಟೆಯನ್ನು ಸೇರುತ್ತಿದ್ದಿತು. ಆ ಪೇಟೆಯಿಂದ ಹತ್ತಿಯನ್ನು ವಿಲಾಯತಿಗೆ ಸಾಗಿಸಿ ಲಾಭ ಪಡೆದ ದೊಡ್ಡ ಮನೆಗಳಲ್ಲಿ ಸಸೂನರದೂ ಒಂದು. ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿಯು ತಿರುಗಿದ್ದು ೧೮೮೭ರಲ್ಲಿ, ಬೇರೆ ಕಂಪನಿಯವರಿಂದ. ಆ ಕತೆಯೇ ಬೇರೆ.

ವ್ಯವಹಾರ ವ್ಯವಹಾರಕ್ಕೂ ಒಂದು ಅಲ್ಪಾಂಶವನ್ನು ಧರ್ಮಕ್ಕೆಂದು ಎತ್ತಿಡುವ ಪದ್ಧತಿಯು ಸಸೂನರ ಅಂಗಡಿಯಲ್ಲಿದ್ದಿತು. ಭಾಯಖಳೆಯ ಮಾಗೆನ್ ಡೇವಿಡ್ ಸಭಾಮಂದಿರ, ಪುಣೆಯ ಓಹೆಲ್ ಡೇವಿಡ್ ಸಭಾಮಂದಿರ, ಎಲ್ಲ ಜಾತಿಮತದವರಿಗೂ ತೆರೆದ ಪುಣೆಯ ಆಸ್ಪತ್ರೆ ಇವೆಲ್ಲ ಆ ಧರ್ಮದ ಫಲಗಳು. ಇವು ಕಣ್ಣಿಗೆ ಕಾಣುವಂಥವು. ಕಾಣದೆ ಬಾಗದಾದು, ಹೆಬ್ರೋನು, ಯೆರೂಸಲೇಮುಗಳಿಗೆ ಹರಿದುಹೋದ ಹಣವೂ ಉಂಟು. ಅದರ ಬೆನ್ನಿಗೆ ಬಂದವು ಓಲೆಗಳು, ಓಲೆಗಳ ಬೆನ್ನಿಗೆ ದೂತರು. ಯೆರೂಸಲೇಮಿನ ಹುರ್ವಾ ಸಭಾಮಂದಿರಕ್ಕಾಗಿ ಹಣ ಕೂಡಿಸಲು ಹೊರಟ ಯಾಕೋಬ್ ಸಪೀರನೆಂಬ ಪಂಡಿತನು ಯೆಮೆನ್ ದೇಶವನ್ನು ದಾಟಿ ಮುಂಬಯಿಗೂ ಕೊಚ್ಚಿಗೂ ಬಂದನು. ತನ್ನ ಪ್ರವಾಸದ ಗ್ರಂಥದ ಮೊದಲ ಭಾಗವನ್ನು ೧೮೬೬ರಲ್ಲಿಯೂ ಎರಡನೆಯದನ್ನು ೧೮೭೪ರಲ್ಲಿಯೂ ಪ್ರಕಟಿಸಿದನು. ಅದರಲ್ಲಿ ಸಸೂನನ ಔದಾರ್ಯಕ್ಕೆ ಸಲ್ಲತಕ್ಕ ಸ್ತುತಿಯು ಸಂದಿದೆ. ಬಾಗದಾದಿನಲ್ಲಿ ಹುಟ್ಟಿ, ೧೮೬೫ರಿಂದ ಹೆಬ್ರೋನಿನ ಮುಖ್ಯ ರಬ್ಬಿಯಾಗಿದ್ದ ಏಲಿಯಾಹು ಮಾನಿಯೂ ತನ್ನ ಊರಿನ ಬಡವರಿಗಾಗಿ ಭಾರತಕ್ಕೆ ಪ್ರಯಾಣ ಮಾಡಿದನು. ಬಾಗದಾದಿನಲ್ಲಿ ಜಿಲ್ಖಾ ಎಂಬ ವಿದ್ಯಾಪೀಠದ ಗುರುವಾಗಿದ್ದ ಅಬ್ದಲ್ಲಾ ಸೋಮೇಖನಿಗ ಮುಂಬಯಿ ಕಲಕತ್ತೆಗಳಿಂದ ಶಾಸ್ತ್ರದ ಸಂಶಯಗಳು ಹೋಗುತ್ತಿದ್ದವು. ಅಲ್ಲಿಂದ ನಿರ್ಣಯಗಳು ಬರುತ್ತಿದ್ದವು. ಹಣವು ಒಂದು ದಿಕ್ಕಿಗೆ, ಶಾಸ್ತ್ರವೂ ಹರಕೆಯೂ ಇನ್ನೊಂದು ದಿಕ್ಕಿಗೆ. ಇದು ಆ ಕಾಲದ ಅರಬ್ಬೀ ಸಮುದ್ರದ ಮೇಲಿನ ವಿನಿಮಯ.

ಈ ವಿನಿಮಯವು ತೀರ ಹಳೆಯದೂ ಹೌದು. ಹನ್ನೆರಡನೆಯ ಶತಮಾನದಲ್ಲಿ ತ್ಯುನಿಸಿಯದ ಅಬ್ರಹಾಮ್ ಬೆನ್ ಯೀಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ಹದಿನೇಳು ವರ್ಷಗಳಷ್ಟು ಕಾಲವಿದ್ದು, ಕಂಚಿನ ಪಾತ್ರೆಗಳ ಕೆಲಸ ನಡೆಸಿ, ಆಶು ಎಂಬ ಇಲ್ಲಿಯ ಹೆಣ್ಣನ್ನು ಮದುವೆಯಾಗಿದ್ದನು. ಏಡನ್ನಿನ ಯೆಹೂದ್ಯ ಮುಖ್ಯಸ್ಥ ಮದ್ಮೂನನೊಡನೆ ಅವನ ಪತ್ರವ್ಯವಹಾರವು ನಡೆಯುತ್ತಿದ್ದಿತು. ಆ ಓಲೆಗಳಲ್ಲಿ ಅವನ ಆಳು ಬೊಮ್ಮನ ಹೆಸರು ಬರುತ್ತದೆ. ತುಳುನಾಡಿನ ಒಬ್ಬ ಬೊಮ್ಮನು ಕೈರೋ ನಗರದ ಸಭಾಮಂದಿರದ ಕಾಗದದ ರಾಶಿಯಲ್ಲಿ ಎಂಟುನೂರು ವರ್ಷ ಅಡಗಿದ್ದನೆಂಬುದು ಸೋಜಿಗದ ಮಾತು.

ಸಸೂನರ ಪ್ರಶಸ್ತಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಲಾಗದು. ಅವರ ಐಶ್ವರ್ಯದ ಒಂದು ದೊಡ್ಡ ಪಾಲು ಮಾಳವದ ಅಫೀಮನ್ನು ಚೀನಕ್ಕೆ ಸಾಗಿಸಿದುದರಿಂದ ಬಂದುದು. ಅಂದಿನ ಸರಕಾರದ ಕಾನೂನಿಗೆ ಅದು ಸಮ್ಮತವೇ ಆಗಿದ್ದಿತು. ಆದರೂ ಕಾಂಟನ್ನಿನ ಅಫೀಮಿನ ಗೂಡುಗಳಲ್ಲಿ ಬಿದ್ದಿದ್ದವರ ದೃಷ್ಟಿಯಿಂದ ನೋಡಿದರೆ ಆ ಹಣದ ಬಣ್ಣವು ಬೇರೆಯಾಗುತ್ತದೆ. ಧನವು ಎಲ್ಲಿಂದ ಬಂದಿತೆಂದು ಕೇಳುವುದು ಪ್ರಶಸ್ತಿಯ ಧರ್ಮವಲ್ಲ. ಯುದ್ಧದ ಕೊಳ್ಳೆಯಿಂದ ಬಂದ ಹೊನ್ನನ್ನು ದತ್ತಿ ಕೊಟ್ಟ ಅರಸರನ್ನು ಹೊಗಳಿದ ಶಾಸನಕವಿಗಳೂ ಕೇಳಲಿಲ್ಲ. ಚರಿತ್ರೆಯು ಕೇಳಲೇಬೇಕು.

ಎರಡನೆಯದು ಕೊಂಕಣದ ಬೆನೆ ಇಸ್ರಾಯೇಲರ ವಿಷಯ. ಗಾಣದ ಕಸಬಿನಿಂದ ಶನಿವಾರ ತೇಲಿಗಳೆನಿಸಿಕೊಂಡಿದ್ದ ಈ ಮರಾಠೀ ಮಾತಿನ ಯೆಹೂದ್ಯರು ಬಾಗದಾದಿನವರು ಬರುವ ಮೊದಲೇ ಇಲ್ಲಿದ್ದವರು. ಮುಂಬಯಿಯ ಮೊದಲನೆಯ ಸಭಾಮಂದಿರವನ್ನು ೧೭೯೬ರಲ್ಲಿ ಕಟ್ಟಿಸಿದವನು ಇವರಲ್ಲಿಯ ಸಾಮ್ಯುವೆಲ್ ದಿವೇಕರನೆಂಬ ಸಿಪಾಯಿ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕು, ಇಸ್ರಾಯೇಲನ ಮಕ್ಕಳೆಂಬ ಮಾತನ್ನು ಕೇಳಿ ಟಿಪ್ಪುವಿನ ತಾಯಿಯು ಕನಿಕರಪಟ್ಟುದರಿಂದ ಜೀವ ಉಳಿಯಿತೆಂದೂ, ಬಿಡುಗಡೆಯಾದರೆ ದೇವರ ಮನೆಯನ್ನು ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನೆಂದೂ ಅವರಲ್ಲಿ ಐತಿಹ್ಯವುಂಟು. ಇಂಥ ದಾನಿಗೆ ಯಾವ ಯೆರೂಸಲೇಮಿನಿಂದಲೂ ಬಿರುದಾವಳಿ ಬರಲಿಲ್ಲ. ಅಷ್ಟೇ ಅಲ್ಲ, ೧೮೩೬ರಲ್ಲಿ ಮುಂಬಯಿಯ ಅರಬ ಯೆಹೂದ್ಯರು ಇಬ್ಬರಿಗೂ ಸೇರಿದ್ದ ಸ್ಮಶಾನದಲ್ಲಿ ನಡುಗೋಡೆಯನ್ನು ಕಟ್ಟಿಸಿಕೊಡಬೇಕೆಂದು ಸರಕಾರಕ್ಕೆ ಅರ್ಜಿ ಮಾಡಿಕೊಂಡರು. ಹೆಬ್ರೋನಿನ ಬಡವನಿಗೆ ಕೈನೀಡಿದವರು ಪಕ್ಕದ ಗೋರಿಗೆ ಅಡ್ಡಗೋಡೆ ಬಯಸಿದುದನ್ನು ಅವರ ಕೀರ್ತಿಯ ಜೊತೆಗೇ ಬರೆದಿಡತಕ್ಕುದು.

ಡೇವಿಡ್ ಸಸೂನನು ೧೮೬೪ರ ನವೆಂಬರದಲ್ಲಿ ಪುಣೆಯಲ್ಲಿ ತೀರಿಕೊಂಡನು. ಸಮಾಧಿಯು ಓಹೆಲ್ ಡೇವಿಡ್ ಸಭಾಮಂದಿರದ ಆವರಣದಲ್ಲಿದೆ. ಆ ಮನೆತನದಲ್ಲಿ ರಬ್ಬಿಗಳ ಗೌರವಕ್ಕೆ ಹಣದಿಂದಲ್ಲದೆ ವಿದ್ಯೆಯಿಂದಲೂ ಪಾತ್ರಳಾದವಳು ಆತನ ಸೊಸೆ ಫ್ಲೋರಾ. ಪತಿಯು ೧೮೯೪ರಲ್ಲಿ ಮೃತನಾದ ಮೇಲೆ ಮುಂಬಯಿಯ ವ್ಯವಹಾರವನ್ನು ಕೆಲವು ವರ್ಷ ತಾನೇ ನಡೆಸಿ, ೧೯೦೧ರಲ್ಲಿ ಇಂಗ್ಲೆಂಡಿಗೆ ಹೋದಳು. ಧರ್ಮಶಾಸ್ತ್ರವನ್ನು ಮೂಲಭಾಷೆಯಲ್ಲಿ ಓದಿದ್ದ ಆಕೆಯೊಡನೆ ಪಂಡಿತರು ಪತ್ರಮುಖವಾಗಿ ಚರ್ಚಿಸುತ್ತಿದ್ದರು. ಸ್ತ್ರೀಯರಿಗೆ ಸಲ್ಲುವ ಸ್ತುತಿಯೆಂದರೆ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯಾದ ಗೃಹಿಣಿಯ ವರ್ಣನೆಯೊಂದೇ ಎಂದಿದ್ದ ಸಂಪ್ರದಾಯಕ್ಕೆ, ಪ್ರಶ್ನೆ ಕೇಳಿ ಉತ್ತರವನ್ನೂ ಕೊಡಬಲ್ಲ ಇಂಥ ದಾನಿಯು ಹೊಸಬಳೇ ಸರಿ. ಆಕೆಯ ಮಗ ಡೇವಿಡ್ ಸೊಲೊಮನ್ ಸಸೂನನು ಇಬ್ರಿಯ ಹಸ್ತಪ್ರತಿಗಳ ದೊಡ್ಡ ಸಂಗ್ರಹವನ್ನು ಮಾಡಿ, ಅದರ ಸೂಚಿಯನ್ನು ೧೯೩೨ರಲ್ಲಿ ಎರಡು ಸಂಪುಟಗಳಲ್ಲಿ ಹೊರಡಿಸಿದನು.

ಮಾಂಟಿಫಿಯೋರಿಗೆ ನೂರು ತುಂಬಿದುದು ೧೮೮೪ರಲ್ಲಿ. ಯೆಹೂದ್ಯರ ಲೆಕ್ಕದಲ್ಲಿ ಸೃಷ್ಟಿಶಕ ೫೬೪೫. ಆಗಲೂ ಅದರ ಹಿಂದಿನ ವರ್ಷವೂ ರಾಮ್ಸ್‌ಗೇಟಿನ ಆತನ ಮನೆಗೆ ನಾನಾ ದೇಶಗಳಿಂದ ಬಂದ ಅಭಿನಂದನೆಗಳು ನೂರಾರು. ಚರ್ಮದ ಹಾಳೆಗಳ ಮೇಲೆ ಬಂಗಾರದ ನೀರಿನಿಂದ ಬರೆದವು, ಚಿತ್ರದಂಚಿನವು, ಪ್ರತಿ ಸಾಲಿನ ಮೊದಲಕ್ಷರಗಳನ್ನು ಕೂಡಿಸಿದರೆ ಆತನ ಹೆಸರಾಗುವ ಪದ್ಯಗಳುಳ್ಳವು ಹೀಗೆ ಅವುಗಳಲ್ಲಿ ಬಗೆಬಗೆ. ಮರುವರ್ಷ ಜುಲೈ ೨೮ರಂದು ಆತನು ತೀರಿಕೊಂಡು, ೧೮೬೨ರಲ್ಲಿ ಗತಿಸಿದ್ದ ಜೂಡಿತಳ ಪಕ್ಕದಲ್ಲಿ ಮಣ್ಣಾದನು. ಅವರಿಬ್ಬರ ಸಮಾಧಿಯ ಗುಮ್ಮಟವು ಬೇತ್ಲೆಹೇಮಿನ ಬಳಿಯ ರಾಹೇಲಳ ಸಮಾಧಿಯ ಪ್ರತಿರೂಪ. ಆ ಸಮಾಧಿಯನ್ನು ಹಿಂದೆ ಜೀರ್ಣೋದ್ಧಾರ ಮಾಡಿಸಿದವನೂ ಆತನೇ.

ಆತನ ತರುವಾಯ ವಾರಸುದಾರನ ಆಜ್ಞೆಯಂತೆ ದಿನಚರಿಗಳಲ್ಲಿಯೂ ಖಾಸಗಿ ಕಾಗದಗಳಲ್ಲಿಯೂ ಬಹುಭಾಗವು ಅಗ್ನಿಗೆ ಆಹುತಿಯಾಯಿತು. ಕಾರ್ಯದರ್ಶಿಯಾಗಿದ್ದ ಪಂಡಿತ ಲೂಯಿ ಲೋವ್ ಮೊದಲೇ ಆಯ್ದು ಬರೆದುಕೊಂಡಿದ್ದ ಭಾಗಗಳು ೧೮೯೦ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದುದು ಭಾಗ್ಯವೆನ್ನಬೇಕು. ಪ್ರಶಸ್ತಿಪತ್ರಗಳು ಉಳಿದು, ಈಗ ಲಂಡನ್ನಿನ ವಿಶ್ವವಿದ್ಯಾಲಯದ ಕಾಲೇಜೊಂದರ ಭಂಡಾರದಲ್ಲಿವೆ. ಅವುಗಳಂತೆಯೇ ಉಳಿದುಬಂದಿರುವ ಇನ್ನೊಂದು ಬಗೆಯ ಬರವಣಿಗೆಯುಂಟು. ೧೮೩೯, ೧೮೪೯, ೧೮೫೫, ೧೮೬೬, ೧೮೭೫ ಹೀಗೆ ಐದು ಸಲ ಮಾಂಟಿಫಿಯೋರಿಯು ಪುಣ್ಯಭೂಮಿಯ ಯೆಹೂದ್ಯರ ಖಾನೇಸುಮಾರಿಯನ್ನು ಮಾಡಿಸಿದನು. ಆಯಾ ಊರಿನ ಬರಹಗಾರರೇ ಇಬ್ರಿಯದಲ್ಲಿ ಬರೆದುಕೊಟ್ಟ ಆ ಪಟ್ಟಿಗಳಲ್ಲಿ ಬಿರುದಿಲ್ಲ, ಭೂತಸಂಖ್ಯೆಯಿಲ್ಲ. ಮನೆಯ ಯಜಮಾನನ ಹೆಸರು, ವಯಸ್ಸು, ಹುಟ್ಟಿದ ಊರು, ಕಸಬು, ಮಕ್ಕಳೆಷ್ಟು, ಸ್ಥಿತಿಯೇನು ಎಂಬುದಷ್ಟೇ ಇದೆ. ವಿಧವೆಯರಿಗೆ ಒಂದು ಪಟ್ಟಿ, ತಬ್ಬಲಿ ಮಕ್ಕಳಿಗೆ ಒಂದು. ಆ ಕುಟುಂಬಗಳ ವಂಶಜರು ಇಂದಿಗೂ ಅಜ್ಜಮುತ್ತಜ್ಜಂದಿರ ಹೆಸರನ್ನು ಹುಡುಕಲು ತೆರೆಯುವುದು ಈ ಪಟ್ಟಿಗಳನ್ನು.